ಕೆಂಪಿನ ಆಚೆಯ ಓಣಿ

ನಮ್ಮ ಓಣಿಗೆ ಬೆಳಕಿರಲಿಲ್ಲ. ಬಿಸಿಲಿತ್ತು, ಬೇಕಾದಷ್ಟಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಅಂಗಳದಲ್ಲಿ ನಿಂತರೆ ನೆತ್ತಿ ಸುಡುತ್ತಿತ್ತು, ಆದರೆ ನಮ್ಮ ಕೈ ನಮಗೇ ಕಾಣುತ್ತಿರಲಿಲ್ಲ.

ಊರಿಗೆ ಆರು ಓಣಿ. ನೇರಳೆ, ನೀಲಿ, ಹಸಿರು, ಹಳದಿ, ಕೆಂಪು, ಕೊನೆಗೆ ನಮ್ಮದು. ಮೊದಲ ಐದಕ್ಕೆ ಅಲ್ಲಿ ಬೀಳುವ ಬಿಸಿಲಿನ ಬಣ್ಣವೇ ಹೆಸರು. ನಮ್ಮಲ್ಲಿ ಹೆಸರಿಡಲು ಏನೂ ಕಾಣದ್ದರಿಂದ ‘ಆಚೆ ಓಣಿ’ ಎಂದು ಕರೆದು ಕೈಬಿಟ್ಟಿದ್ದರು. ದೊಡ್ಡ ಮಂದಿ ಎಲ್ಲ ಇದ್ದದ್ದು ನೇರಳೆ ಓಣಿಯಲ್ಲಿ. ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಧೋತರ ಉಟ್ಟು ಅಲ್ಲಿ ನಿಂತರೆ ಅದು ಒಳಗೆ ದೀಪ ಇಟ್ಟಂತೆ ಹೊಳೆಯುತ್ತಿತ್ತು. ಆ ಓಣಿಯಲ್ಲಿ ಹಾಗೆ ತಾವಾಗಿ ಹೊಳೆಯುವವು ಎರಡೇ: ಪುರಸಭೆ ಅಧ್ಯಕ್ಷ ಹಂಪನಗೌಡರ ಧೋತರ ಮತ್ತು ಚೇಳು. ಹಳದಿ ಓಣಿಯಲ್ಲಿ ಸಂತೆ, ಫೋಟೋ ಅಂಗಡಿ, ಹೆಣ್ಣು ನೋಡುವ ಶಾಸ್ತ್ರ. ಕೆಂಪು ಓಣಿಯಲ್ಲಿ ಮಾಸ್ತರರ ಕೆಂಪು ಶಾಯಿ ಕಾಣುವುದಿಲ್ಲ. ಹಾಗಾಗಿ ಅಲ್ಲಿಯ ತಂದೆತಾಯಿಗಳು ತಮ್ಮ ಮಕ್ಕಳು ಒಂದು ತಪ್ಪೂ ಮಾಡುವುದಿಲ್ಲ ಎಂದು ನಂಬಿ ಸುಖವಾಗಿದ್ದರು.

ನಮ್ಮದು ಒಣಗಿಸುವ ಓಣಿ. ಹಪ್ಪಳ, ಸಂಡಿಗೆ, ಶಾವಿಗೆ, ಮೆಣಸಿನಕಾಯಿ, ಊರಿನ ಒದ್ದೆ ಬಟ್ಟೆ. ನಮ್ಮಲ್ಲಿ ಒಣಗಿದ ಸೀರೆಯ ಬಣ್ಣ ಮಾಸುವುದಿಲ್ಲ. ಅದಕ್ಕೆ ನೇರಳೆ ಓಣಿಯ ಸೀರೆಗಳೆಲ್ಲ ನಮ್ಮ ಮಾಳಿಗೆಗೆ ಬರುತ್ತಿದ್ದವು. ಸೀರೆ ಉಡುವವರು ಬರುತ್ತಿರಲಿಲ್ಲ. ಹದಿನೈದು ಮನೆಯ ಓಣಿ; ಹದಿನಾಲ್ಕನೆಯದು ನಮ್ಮದು, ಕೊನೆಯದು ದ್ಯಾಮಜ್ಜಿಯದು. ಅದರಾಚೆ ಬಯಲು. ಅಲ್ಲಿ ಮನೆ ಕಟ್ಟಿದವರಿಲ್ಲ. ಮೆಣಸಿನಕಾಯಿ ಒಂದು ತಾಸು ಹೆಚ್ಚು ಬಿಟ್ಟರೆ ಇದ್ದಿಲಾಗುವ ಜಾಗ ಅದು.

ಮನೆಯಲ್ಲಿ ನಾವು ಮೂವರು. ಅಪ್ಪ ತೀರಿಹೋಗಿದ್ದ. ಅವ್ವ ಕಲ್ಲವ್ವ ಹಪ್ಪಳ ಲಟ್ಟಿಸುತ್ತಿದ್ದಳು, ಅಪ್ಪನ ತಮ್ಮ ಗುರುಪಾದ ಕಾಕಾ ಹಿಟ್ಟು ಕುಟ್ಟುತ್ತಿದ್ದ. ನಾನು ಹೊರಗಿನ ಊರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿ ಬಂದಿದ್ದೆ. ಅಲ್ಲಿ ಎಲ್ಲಾ ಬಣ್ಣ ಒಟ್ಟಿಗೇ ಬೀಳುತ್ತಿದ್ದವು. ಮೊದಲ ವಾರ ತಲೆನೋವು, ಆಮೇಲೆ ರೂಢಿಯಾಯಿತು.

ಕಾಕಾನಿಗೆ ಮೂವತ್ತೆಂಟು. ಹನ್ನೊಂದು ಹೆಣ್ಣು ನೋಡಿದ್ದ. ಹಳದಿ ಓಣಿಯಲ್ಲಿ ಕೂತು ಅವಲಕ್ಕಿ ತಿನ್ನುವವರೆಗೆ ಎಲ್ಲ ಸರಿಯಿರುತ್ತಿತ್ತು, ಮನೆ ಎಲ್ಲಿ ಎಂದು ಕೇಳಿದ ಮೇಲೆ ತಟ್ಟೆ ಎತ್ತಿಬಿಡುತ್ತಿದ್ದರು. ಹನ್ನೆರಡನೆಯವಳು ಕೆಂಪು ಓಣಿಯ ತಂಗೆವ್ವ. ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ತಟ್ಟೆ ಎತ್ತಲಿಲ್ಲ, ನೇರವಾಗಿ ಮಾತಿಗೆ ಬಂದಳು.

“ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ,” ಅಂದಳು. “ಹಗಲ ಹನ್ನೆರಡಕ್ಕ ನಿಮ್ಮ ಮನ್ಯಾಗ ಕುಂತ್ರ ಅಕ್ಕಿಯೊಳಗಿನ ಕಲ್ಲು ನನಗ ಕಾಣಬೇಕು. ಅಷ್ಟ.”

“ಬುಡ್ಡಿ ಹಚ್ತೀವಲ್ಲವಾ,” ಅಂದ ಕಾಕಾ.

“ಬುಡ್ಡಿ ಬೆಳಕಿನಾಗ ಅಕ್ಕಿ, ಕಲ್ಲು, ನಿಮ್ಮ ಹಲ್ಲು ಎಲ್ಲಾ ಒಂದ ಬಣ್ಣ. ಹಲ್ಲು ಮುರಕೊಳ್ಳಾಕ ನಾ ಮದುವಿ ಆಗಂಗಿಲ್ಲ.”

ಕಾಕಾ ಮನೆಗೆ ಬಂದು ಒಂದು ದಿನ ಊಟ ಬಿಟ್ಟ. ಒಂದೇ ದಿನ. ಅವನ ಮಟ್ಟಿಗೆ ಅದು ದೊಡ್ಡದು, ಹದಿನಾಲ್ಕು ರೊಟ್ಟಿ ಉಳಿದವು.

ಸೋಲಾರ್ ಪ್ಲೇಟುಗಳು ಬಂದದ್ದು ಆ ವರ್ಷವೇ. ನಮ್ಮೂರಿಗೆ ಕರೆಂಟಿನ ಕಂಬ ಬಂದಿರಲಿಲ್ಲ. ನಕ್ಷೆಯಲ್ಲಿ ಇಲ್ಲದ ಊರಿಗೆ ತಂತಿ ಯಾವ ಕಡೆಗೆ ಎಳೆಯುವುದು ಎಂದು ಕೇಳಿ ಎರಡು ಸಲ ಕಾಗದ ವಾಪಸು ಕಳಿಸಿದ್ದರು. ಈಗ ಮನೆಗೊಂದು ಪ್ಲೇಟು, ಒಟ್ಟು ಇನ್ನೂರ ಹದಿನೈದು. ನೇರಳೆ ಓಣಿಯಲ್ಲಿ ಪೂಜೆ ಮಾಡಿ ತೆಂಗಿನಕಾಯಿ ಒಡೆದರು. ಆಚೆ ಓಣಿಗೆ ಯಾಕೆ ಎಂದು ಹಂಪನಗೌಡರು ತಕರಾರು ತೆಗೆದರು.

“ಕತ್ತಲ್ಯಾಗ ಇರೋ ಮಂದಿಗೆ ಬಿಸಿಲಿನ ಪ್ಲೇಟು ಕೊಡೋದಂದ್ರ ಬಕ್ಕತಲಿಯವಗ ಬಾಚಣಿಕಿ ಕೊಟ್ಟಂಗ ರೀ.”

ಮನೆಗೊಂದು ಅಂದರೆ ಮನೆಗೊಂದು ಎಂದು ಇಂಜಿನಿಯರು ಆದೇಶ ತೋರಿಸಿದರು. ದಕ್ಷಿಣದ ಕಡೆಯವರು, ಮೆತ್ತಗಿನ ಮಾತು. ನಮ್ಮ ಮಾಳಿಗೆಗೆ ಲಾಟೀನು ಹಿಡಿದುಕೊಂಡು ಹತ್ತಿ, ಪ್ಲೇಟು ಎತ್ತ ಮುಖ ಮಾಡಬೇಕು ಎಂದು ತಡಕಾಡಿದರು.

“ಅಮ್ಮಾ, ಇಲ್ಲಿ ಸೂರ್ಯ ಎಲ್ಲಿದಾನೆ?”

“ನಿಮ್ಮ ಬೆನ್ನು ಎಲ್ಲಿ ಸುಡ್ತೈತಿ ಅಲ್ಲಿ ಅದಾನ,” ಅಂದಳು ಅವ್ವ.

ಇಂಜಿನಿಯರು ಒಂದು ಸುತ್ತು ತಿರುಗಿ, ಬೆನ್ನು ಸುಟ್ಟ ಕಡೆಗೆ ಪ್ಲೇಟಿಟ್ಟು ಬೋಲ್ಟು ಬಿಗಿದರು.

ಮೀಟರು ಓದುವ ಕೆಲಸಕ್ಕೆ ಪುರಸಭೆ ನನ್ನನ್ನು ತೆಗೆದುಕೊಂಡಿತು. ಎಲ್ಲಾ ಓಣಿಯಲ್ಲೂ ಓಡಾಡಲು ಕಣ್ಣು ರೂಢಿಯಾದವರು ಬೇರೆ ಯಾರೂ ಇರಲಿಲ್ಲ. ಎರಡನೆಯ ದಿನವೇ ಗೊತ್ತಾಯಿತು. ನೇರಳೆ ಓಣಿಯ ಪ್ಲೇಟಿಗೆ ಅರ್ಧ ಬಲ್ಬು; ಅಂದರೆ ಒಂದು ಬಲ್ಬು ಹಾಕಿದರೆ ಅದು ಹೊತ್ತಲೋ ಬೇಡವೋ ಎಂದು ಯೋಚಿಸುತ್ತಿತ್ತು. ನೀಲಿಯಲ್ಲಿ ಒಂದು, ಹಸಿರಿನಲ್ಲಿ ಒಂದೂವರೆ, ಹಳದಿಯಲ್ಲಿ ಎರಡು, ಕೆಂಪಿನಲ್ಲಿ ಮೂರು. ನಮ್ಮ ಓಣಿಯ ಮೊದಲ ಮನೆಯಲ್ಲಿ ಮೂರೂವರೆ. ಮನೆ ಮನೆಗೂ ಸ್ವಲ್ಪ ಏರಿ ನಮ್ಮ ಮನೆಯಲ್ಲಿ ಐದು. ಪಕ್ಕದ ದ್ಯಾಮಜ್ಜಿಯ ಪ್ಲೇಟಿನಲ್ಲಿ ಮಾತ್ರ ಸೊನ್ನೆ. ರಿಜಿಸ್ಟರಿನಲ್ಲಿ ಅದರ ಮುಂದೆ ‘ಕೆಟ್ಟಿದೆ’ ಎಂದು ಬರೆದೆ. ಆ ಒಂದು ಶಬ್ದ ಬರೆಯುವಾಗ ನಾನು ಅರ್ಧ ನಿಮಿಷವೂ ಯೋಚಿಸಲಿಲ್ಲ.

ಕಾಕಾ ಅಡುಗೆಮನೆಯಲ್ಲಿ ಒಂದು ಬಲ್ಬು ಹಾಕಿ, ಮೊರದಲ್ಲಿ ಅಕ್ಕಿ ಹರಡಿ, ತಾನೇ ಒಂದು ಹಿಡಿ ಕಲ್ಲು ಬೆರೆಸಿ, ತಾನೇ ಆರಿಸಿದ. ಎಲ್ಲಾ ಸಿಕ್ಕವು. ಬೆರೆಸದ ಎರಡು ಹೆಚ್ಚು ಸಿಕ್ಕವು. “ಇಷ್ಟು ವರ್ಷ ಇವನ್ನೂ ತಿಂದೀವೇನು!” ಎಂದು ಅವ್ವ ಬಾಯಿಗೆ ಕೈ ಇಟ್ಟುಕೊಂಡಳು. ಕಾಕಾ ಅಂಗಿ ಬದಲಾಯಿಸಿ ಕೆಂಪು ಓಣಿಗೆ ಹೋದ. ತಂಗೆವ್ವ ಒಪ್ಪಿದಳು, ಆದರೆ ಒಂದು ಮಾತು ಸೇರಿಸಿದಳು: “ಮನಿ ತುಂಬೋ ದಿನ ನಾನ ಆರಿಸಿ ನೋಡ್ತೀನಿ. ಬಲ್ಬು ಹತ್ತಲಿಲ್ಲಂದ್ರ ಹೊಸ್ತಿಲದಾಗಿಂದ ಹಂಗ ತಿರುಗ್ತೀನಿ. ಆಮ್ಯಾಲ ಅತ್ತು ಕರದು ಮಾಡಬ್ಯಾಡ್ರಿ.”

ಲಗ್ನಪತ್ರಿಕೆಯನ್ನು ಎಲ್ಲರಂತೆ ಕೆಂಪು ಶಾಯಿಯಲ್ಲಿ ಅಚ್ಚು ಹಾಕಿಸಿದೆವು. ಹೆಣ್ಣಿನ ಕಡೆಯವರಿಗೆಲ್ಲ ಖಾಲಿ ಹಾಳೆ ಹೋಗಿ, ಇದೇನು ಚೇಷ್ಟೆ ಎಂದು ಅವಳ ಮಾವಂದಿರು ಬಡಿಗೆ ಹಿಡಿದು ಬಂದರು. ಹಳದಿ ಓಣಿಗೆ ಕರೆದೊಯ್ದು ಓದಿ ತೋರಿಸಿ ಚಹಾ ಕುಡಿಸಿದ ಮೇಲೆ ಸಮಾಧಾನವಾಯಿತು.

ಅಷ್ಟರಲ್ಲಿ ನೇರಳೆ ಓಣಿಯವರಿಗೆ ನನ್ನ ರಿಜಿಸ್ಟರಿನ ಸುದ್ದಿ ಮುಟ್ಟಿತ್ತು. ಚೊಲೋ ಪ್ಲೇಟೆಲ್ಲ ಆಚೆ ಓಣಿಗೆ ಹೋಗಿವೆ, ತಮಗೆ ಕಳಪೆ ಮಾಲು ಬಂದಿದೆ ಎಂದು ಅವರ ತೀರ್ಮಾನ. ಹದಿನೈದು ಆಳು ಬಂದು ನಮ್ಮ ಹದಿನೈದು ಪ್ಲೇಟು ಬಿಚ್ಚಿಕೊಂಡು, ತಮ್ಮ ಹದಿನೈದು ಜೋಡಿಸಿ ಹೋದರು. ಮರುದಿನ ಓದಿದರೆ ನೇರಳೆಯಲ್ಲಿ ಅದೇ ಅರ್ಧ. ನಮ್ಮಲ್ಲಿ ಅದೇ ಐದು. ದ್ಯಾಮಜ್ಜಿಯ ಮನೆಯಲ್ಲಿ ಅದೇ ಸೊನ್ನೆ. ನಾನು ಮತ್ತೆ ‘ಕೆಟ್ಟಿದೆ’ ಎಂದು ಬರೆದೆ. ಬೇರೆ ಪ್ಲೇಟು ಬಂದು ಕೂತಿದೆ, ಇದೂ ಹೇಗೆ ಕೆಟ್ಟಿತು ಎಂದು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

ಹಂಪನಗೌಡರು ಇಂಜಿನಿಯರನ್ನು ಕರೆಸಿದರು. ಪುರಸಭೆಯ ಕಟ್ಟೆಯ ಮೇಲೆ ಸಭೆ. ನಾನು ರಿಜಿಸ್ಟರು ಹಿಡಿದು ಕಂಬಕ್ಕೆ ಒರಗಿದ್ದೆ.

“ಪ್ಲೇಟಿನಲ್ಲಿ ಏನೂ ತಪ್ಪಿಲ್ಲ ಗೌಡರೇ,” ಅಂದರು ಇಂಜಿನಿಯರು. “ಅದು ತಿನ್ನೋ ಬೆಳಕು ಬೇರೆ ಬೇರೆ. ನೇರಳೆ ಬೆಳಕಿನ ಕಾಳು ದಪ್ಪ, ಕೆಂಪಿನ ಕಾಳು ಸಣ್ಣ, ಕೆಂಪಿನ ಆಚೆಯದು ಇನ್ನೂ ಸಣ್ಣ. ಒಂದು ಸೇರು ಅವರೆಕಾಳು ಎಣಿಸಿ, ಒಂದು ಸೇರು ಜೋಳ ಎಣಿಸಿ. ಯಾವುದರಲ್ಲಿ ಕಾಳು ಹೆಚ್ಚು?”

“ಜ್ವಾಳದಾಗ.”

“ಹಾಂ. ಪ್ಲೇಟು ಕಾಳಿಗೊಂದು ಅಂತ ಕರೆಂಟು ಕೊಡುತ್ತೆ. ದಪ್ಪ ಕಾಳಾದ್ರೂ ಒಂದೇ, ಸಣ್ಣದಾದ್ರೂ ಒಂದೇ. ದಪ್ಪದರಲ್ಲಿ ಮಿಕ್ಕಿದ್ದು ಸುಮ್ಮನೆ ಕಾವಾಗಿ ಹೋಗುತ್ತೆ.”

“ಅಂದ್ರ ನಮ್ಮ ಓಣಿ ಬೆಳಕು ಹೆಚ್ಚಿನದು, ಪ್ಲೇಟಿಗೆ ಅದರ ಯೋಗ್ಯತಾ ತಿಳಿಯಂಗಿಲ್ಲ.”

“ಹಾಗೂ ಅನ್ನಬಹುದು,” ಅಂದರು ಇಂಜಿನಿಯರು. ಅವರಿಗೆ ಅಂದೇ ಊರಿಗೆ ಹೊರಡುವುದಿತ್ತು.

ಹಂಪನಗೌಡರು ನನ್ನ ರಿಜಿಸ್ಟರು ತೆಗೆದುಕೊಂಡು ಬೆರಳಿಟ್ಟು ಓದಿದರು. “ಅರ್ಧ, ಒಂದು, ಒಂದೂವರಿ, ಎರಡು, ಮೂರು, ಮೂರೂವರಿ, ಕಲ್ಲವ್ವನ ಮನ್ಯಾಗ ಐದು. ಆಚೆ ಹ್ವಾದಂಗ ಏರಕೋತ ಹೊಂಟೈತಿ. ಹಂಗಾರ ಅದರಾಚೆ ಬಯಲಿನ್ಯಾಗ ಇಟ್ರ ಹತ್ತು!”

“ಆದರೆ ಗೌಡರೇ, ಕಾಳು ತೀರಾ ಸಣ್ಣದಾದರೆ...” ಎಂದು ಇಂಜಿನಿಯರು ಶುರು ಮಾಡಿದರು.

“ಚಹಾ ತಗೋರಿ ಸಾಹೇಬ್ರ, ಆರತೈತಿ,” ಅಂದರು ಗೌಡರು.

ಇಂಜಿನಿಯರು ಚಹಾ ಕುಡಿದರು. ವಾಕ್ಯ ಅಲ್ಲೇ ನಿಂತಿತು. ಬಸ್ಸಿನವರೆಗೆ ಅವರ ಚೀಲ ಹೊತ್ತುಕೊಂಡು ಹೋದವಳು ನಾನು. ದಾರಿಯಲ್ಲಿ ಉಳಿದರ್ಧ ಕೇಳಿದೆ.

“ತೀರಾ ಸಣ್ಣ ಕಾಳು ಜರಡಿಯಲ್ಲಿ ನಿಲ್ಲೋದೇ ಇಲ್ಲಮ್ಮ. ಸೋರಿಹೋಗುತ್ತೆ. ನಿಮ್ಮ ಮನೆವರೆಗೆ ನಿಲ್ಲುತ್ತೆ, ಅದರಾಚೆ ಬರೀ ಕಾವು. ಕರೆಂಟು ಒಂದು ಚೂರೂ ಬರಲ್ಲ.”

ಹಿಂದಕ್ಕೆ ಬಂದು ಗೌಡರಿಗೆ ಹೇಳಿದೆ. ದ್ಯಾಮಜ್ಜಿಯ ಮನೆಯ ಸೊನ್ನೆಯನ್ನೂ ತೋರಿಸಿದೆ.

“ಅದು ಕೆಟ್ಟೈತಿ ಅಂತ ನೀನ ಬರದೀಯಲ್ಲವಾ,” ಅಂದರು. “ಎರಡು ಸಲ ಬರದೀ.”

“ತಪ್ಪು ಬರದೀನ್ರಿ.”

“ಬರದದ್ದು ಬರದಂಗ. ನೀ ಮೀಟರು ಓದು, ಭಾಷಣ ನಾ ಓದ್ತೀನಿ.”

ಊರಿನ ಪ್ಲೇಟೆಲ್ಲ ಬಿಚ್ಚಿ ಬಯಲಿಗೆ ಸಾಗಿಸುವುದು, ಅಲ್ಲಿಂದ ಎಲ್ಲಾ ಓಣಿಗೂ ತಂತಿ ಎಳೆದು ಮನೆಗೆ ಹತ್ತು ಬಲ್ಬು ಉರಿಸುವುದು ಎಂದು ಠರಾವಾಯಿತು. ನೇರಳೆಯಿಂದ ಕೆಂಪಿನವರೆಗೆ ಎಲ್ಲರೂ ಕೈ ಎತ್ತಿದರು. ನಮ್ಮ ಓಣಿಯವರೂ ಎತ್ತಿದರಂತೆ, ಹತ್ತು ಅಂದರೆ ಯಾರಿಗೆ ಬೇಡ? ಬಯಲಿನಲ್ಲಿ ಗುಂಡಿ ಒತ್ತುವ ಮುಹೂರ್ತ ಬರುವ ಶುಕ್ರವಾರ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ. ಕಾಕಾನ ಅಕ್ಷತೆಯೂ ಅದೇ ಹೊತ್ತಿಗೆ. ಊರಿಗೆ ಇದ್ದದ್ದು ಒಬ್ಬರೇ ಭಟ್ಟರು, ಅವರ ಹತ್ತಿರ ಇದ್ದದ್ದು ಒಂದೇ ಪಂಚಾಂಗ.

ಮನೆಗೆ ಬಂದು ಹೇಳಿದೆ. ಕಾಕಾ ಒನಕೆ ಕೆಳಗಿಟ್ಟ. “ಹನ್ನೆರಡನೇದೂ ಹೋತು.”

ಅವ್ವ ಜರಡಿಯ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿ ಕೇಳಿದಳು. ಅವಳ ಕೈಯಲ್ಲೂ ಜರಡಿಯೇ ಇತ್ತು. “ಹಿಟ್ಟು ನಿಲ್ಲಂಗಿಲ್ಲ, ಖರೆ,” ಅಂದಳು. “ಇಷ್ಟು ಆ ಗೌಡಗ ತಿಳೀಲಿಲ್ಲೇನು? ಅಂವ ಯಾವಾಗರ ಹಿಟ್ಟು ಸಾಣಿಸ್ಯಾನೇನು!” ಆಮೇಲೆ, “ಪ್ಲೇಟು ಒಯ್ಯಾಕ ಯಾವಾಗ ಬರ್ತಾರ?”

“ನಾಳೆ ಮುಂಜಾನೆ. ನಾನೂ ಜೊತೆಗಿರಬೇಕು, ಎಣಿಸಾಕ.”

“ಬರ್ಲಿ.”

ಮರುದಿನ ನಸುಕಿಗೇ ಎದ್ದು ಅವ್ವ ಉದ್ದಿನ ಹಿಟ್ಟು ಕಲಸಿದಳು. ಆಳುಗಳು ಲಾಟೀನು ಹಿಡಿದು ಮಾಳಿಗೆಗೆ ಹತ್ತಿದಾಗ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಚದ ಮೇಲೆ ಹಪ್ಪಳ, ಬಾಗಿಲ ಹಲಗೆಯ ಮೇಲೆ ಹಪ್ಪಳ, ಚಾಪೆಯ ಮೇಲೆ ಹಪ್ಪಳ, ಹಳೇ ಧೋತರ ಹಾಸಿದ ಪ್ಲೇಟಿನ ಮೇಲೆ ಹಪ್ಪಳ. ಹಸಿ ಹಪ್ಪಳ, ಜಾರದೆ ಅಂಟಿಕೊಂಡಿದ್ದವು. ನಡುವೆ ಅವ್ವ ಲಟ್ಟಣಿಗೆ ಹಿಡಿದು ಕೂತಿದ್ದಳು.

“ಕಲ್ಲವ್ವಾ, ಪ್ಲೇಟು ಎಲ್ಲೈತಿ?”

“ನನ್ನ ಕೇಳ್ತೀರೇನು? ನಿನ್ನೆ ನಿಮ್ಮವರ ಯಾರೋ ಬಂದಿದ್ರಲ್ಲ. ಹಸೀ ಹಪ್ಪಳ ಅದಾವ, ಒಂದು ತುಳದ್ರ ಒಂದು ಕಾಲು ಮುರೀತೀನಿ. ಇದು ಮದುವಿ ಹಪ್ಪಳ.”

ಅವರು ನನ್ನ ಕಡೆ ಲಾಟೀನು ಎತ್ತಿದರು. ರಿಜಿಸ್ಟರು ನನ್ನ ಕೈಯಲ್ಲಿತ್ತು. ಗೌಡರಿಗೆ ನಿಜ ಹೇಳಿ ನೋಡಿಯಾಗಿತ್ತು, ಅದಕ್ಕೆ ಏನು ಸಿಕ್ಕಿತೆಂದೂ ನೋಡಿಯಾಗಿತ್ತು. ‘ಮನೆ ನಂಬರು ಹದಿನಾಲ್ಕು: ಸಾಗಿಸಲಾಗಿದೆ’ ಎಂದು ಬರೆದು ಅವರ ಹೆಬ್ಬೆಟ್ಟು ಒತ್ತಿಸಿಕೊಂಡೆ. ಸಂಜೆ ಹಂಪನಗೌಡರು ಇನ್ನೂರ ಹದಿನೈದಕ್ಕೆ ಸಹಿ ಹಾಕಿದರು. ಬಯಲಿನ ಕತ್ತಲಲ್ಲಿ ಎಣಿಸಲು ಯಾರೂ ಹೋಗಲಿಲ್ಲ. ಆ ಸುಡುವ ನೆಲದ ಮೇಲೆ ನಿಂತು ತಡವಿ ಎಣಿಸುವ ಗಂಡಸೂ ಇರಲಿಲ್ಲ.

ಶುಕ್ರವಾರ ಅರ್ಧ ಊರು ಬಯಲಿನಲ್ಲಿ, ಅರ್ಧ ನಮ್ಮ ಅಂಗಳದಲ್ಲಿ. ಭಟ್ಟರು ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಇಲ್ಲಿಯ ಮಂತ್ರ ಮುಗಿಸಿ, ದಕ್ಷಿಣೆ ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲಿಗೆ ಓಡಿದರು. ತಂಗೆವ್ವ ಹೊಸ್ತಿಲಲ್ಲಿ ನಿಂತಳು. ಪಕ್ಕದಲ್ಲಿ ಕಾಕಾ. ಕತ್ತಲಲ್ಲಿ ಅವನ ಉಸಿರು ಮಾತ್ರ ಕೇಳುತ್ತಿತ್ತು, ಬೆಟ್ಟ ಹತ್ತಿ ಬಂದವನ ಉಸಿರು.

“ಬಲ್ಬು?” ಅಂದಳು ತಂಗೆವ್ವ.

ನಾನು ಮಾಳಿಗೆಯ ಮೇಲಿದ್ದೆ. ಹಾಸಿದ್ದ ಧೋತರವನ್ನು ಹಪ್ಪಳದ ಸಮೇತ ಎಳೆದೆ. ಕೆಳಗೆ ಬಲ್ಬು ಹೊತ್ತಿತು. ಅಂಗಳದಲ್ಲಿ ‘ಹೋ’ ಎಂದರು. ನಾನು ಇಳಿದು ಬರುವಷ್ಟರಲ್ಲಿ ಅವಳು ಸೇರೊದ್ದು ಒಳಗೆ ಬಂದು, ಬಾಸಿಂಗವನ್ನೂ ಬಿಚ್ಚದೆ, ಬಲ್ಬಿನ ಕೆಳಗೆ ಮೊರ ಹಿಡಿದು ಕೂತಿದ್ದಳು. ಎಲ್ಲರೂ ಸುತ್ತ ಮುತ್ತಿ ಬಗ್ಗಿ ನೋಡಿದರು. ಟಕ್, ಟಕ್ ಎಂದು ಕಲ್ಲು ತಟ್ಟೆಗೆ ಬಿದ್ದವು. ಏಳು.

“ಇಷ್ಟ ಏನ್ರಿ?” ಅಂದಳು ಕಾಕಾನನ್ನು ನೋಡಿ.

“ನಿನ್ನಿ ಬುಡ್ಡಿ ಹಚ್ಚಿ ನಾನೂ ಒಮ್ಮಿ ಆರಿಸಿದ್ದೆ,” ಅಂದ ಕಾಕಾ.

“ಹಂಗಾರ ಏಳು ಬಿಟ್ಟಿದ್ರಿ,” ಎಂದು ಅವಳು ನಕ್ಕಳು. ಕಾಕಾ ಆ ಏಳು ಕಲ್ಲು ಹೆಕ್ಕಿ ಜೇಬಿಗೆ ಹಾಕಿಕೊಂಡ. ಮದುವೆ ಆಯಿತು ಅನ್ನಿಸಿದ್ದು ಅವನಿಗೆ ಆಗಲೇ ಎಂದು ಆಮೇಲೆ ಹೇಳಿದ.

ಬಯಲಿನಲ್ಲಿ ಏನಾಯಿತೆಂದು ನೋಡಿದವರು ಹೇಳಿದ್ದು. ಗೌಡರು ಭಾಷಣ ಓದಲು ಹಾಳೆ ತೆಗೆದರಂತೆ, ಲಾಟೀನು ಹತ್ತಿರ ತಂದರೆ ಹಾಳೆ ಅಂಚಿನಿಂದ ಕಂದಾಗತೊಡಗಿತಂತೆ. ಭಾಷಣ ಬಿಟ್ಟು, ಮುಹೂರ್ತದವರೆಗೆ ಪ್ಲೇಟಿಗೆ ಹೊದಿಸಿದ್ದ ಒದ್ದೆ ಗೋಣಿ ತೆಗೆಸಿ ಗುಂಡಿ ಒತ್ತಿದರು. ಏನೂ ಇಲ್ಲ. ಇನ್ನೊಮ್ಮೆ ಒತ್ತಿದರು. ಪ್ಲೇಟುಗಳ ಬೆನ್ನು ಹಪ್ಪಳ ಕರಿದಂತೆ ಗುಳ್ಳೆ ಎದ್ದು, ಗಾಜು ಒಂದೊಂದಾಗಿ ಚಟ್ ಚಟ್ ಎನ್ನತೊಡಗಿತು. ಪಟಾಕಿ ಎಂದು ತಿಳಿದು ಹಿಂದಿದ್ದವರು ಚಪ್ಪಾಳೆ ತಟ್ಟಿದರು. ಚಪ್ಪಲಿಯ ತಳ ಕರಗಿ ನೆಲಕ್ಕೆ ಅಂಟಿದ ಮೇಲೆ ಎಲ್ಲರೂ ಅವನ್ನು ಅಲ್ಲೇ ಬಿಟ್ಟು, ಕಾಣುತ್ತಿದ್ದ ಒಂದೇ ಬೆಳಕಿನ ಕಡೆ ಓಡಿದರು. ಅದು ನಮ್ಮ ಅಡುಗೆಮನೆಯ ಬಲ್ಬು.

ಹಂಪನಗೌಡರು ಬರಿಗಾಲಿನಲ್ಲಿ ನಮ್ಮ ಅಂಗಳಕ್ಕೆ ಬಂದು ನಿಂತರು. ಅಲ್ಲಿ ಅವರ ಧೋತರ ಹೊಳೆಯಲಿಲ್ಲ. ಬಲ್ಬನ್ನು ನೋಡಿದರು, ನನ್ನನ್ನು ನೋಡಿದರು.

“ಇನ್ನೂರ ಹದಿನೈದು ಅಂತ ಬರದಿದ್ದಿ.”

“ತಪ್ಪು ಬರದೀನ್ರಿ.”

“ನಾಳಿಯಿಂದ ಕೆಲಸಕ್ಕ ಬರಬ್ಯಾಡ.” ಆಮೇಲೆ ಅವ್ವನ ಕಡೆ ತಿರುಗಿದರು. “ಆ ಪ್ಲೇಟು ಪುರಸಭೆದು. ಬಿಚ್ಚಿ ಕೊಡು.”

“ಒಯ್ಯಿರಿ ಗೌಡ್ರ,” ಅಂದಳು ಅವ್ವ, ಅವರಿಗೊಂದು ಲಾಡು ಕೊಡುತ್ತ. “ಎಲ್ಲಿ ಇಡ್ತೀರಿ?”

ಗೌಡರು ಲಾಡು ಬಾಯಿಗೆ ಹಾಕಿಕೊಂಡರು. ನೇರಳೆ ಓಣಿಯಲ್ಲಿ ಇಟ್ಟರೆ ಅರ್ಧ. ಬಯಲಿನಲ್ಲಿ ಇಟ್ಟರೆ ಏನೆಂದು ಅವರ ಅಂಗಾಲಿಗೆ ಗೊತ್ತಿತ್ತು. ಇನ್ನೊಂದು ಲಾಡು ಇಸಿದುಕೊಂಡು, ಯೋಚನೆ ಮಾಡಿ ಹೇಳುತ್ತೇನೆ ಎಂದು ಹೋದರು. ಇನ್ನೂ ಹೇಳಿಲ್ಲ.

ನಮಗೆ ಒಂದು ಬಲ್ಬು ಸಾಕು ಅಂದಳು ತಂಗೆವ್ವ. ಉಳಿದ ನಾಲ್ಕನ್ನು ತಂತಿ ಎಳೆದು ಹತ್ತಿರದ ನಾಲ್ಕು ಮನೆಗೆ ಕೊಟ್ಟೆವು. ಮಿಕ್ಕ ಹತ್ತು ಮನೆಯವರು ನಮ್ಮೊಂದಿಗೆ ಮಾತು ಬಿಟ್ಟರು. ಮಾತು ಬಿಟ್ಟರೂ ಮಧ್ಯಾಹ್ನ ಮೊರ ತೆಗೆದುಕೊಂಡು ಬಂದು ನಮ್ಮ ಅಡುಗೆಮನೆಯಲ್ಲಿ ಸಾಲಾಗಿ ಕೂತು, ಮುಖ ಆ ಕಡೆ ತಿರುಗಿಸಿ ಅಕ್ಕಿ ಆರಿಸಿಕೊಂಡು ಹೋಗುತ್ತಾರೆ. ನಾನು ಈಗ ಹಪ್ಪಳ ಲಟ್ಟಿಸುತ್ತೇನೆ; ನನ್ನವು ದುಂಡಗೆ ಬರುವುದಿಲ್ಲ ಎಂದು ಈಗ ಎಲ್ಲರಿಗೂ ಕಾಣುತ್ತದೆ.

ಹೋದದ್ದು ಇಷ್ಟು: ಪ್ಲೇಟು ಇನ್ನೂರ ಹದಿನಾಲ್ಕು, ಚಪ್ಪಲಿ ತೊಂಬತ್ತಾರು ಜೊತೆ, ಮೀಟರು ಓದುವ ನೌಕರಿ ಒಂದು, ಧೋತರ ಎಳೆದಾಗ ಮುರಿದ ಮದುವೆ ಹಪ್ಪಳ ಮೂವತ್ತೆರಡು.